ಪುಟ್ಟೇನಹಳ್ಳಿ ಕೆರೆಯ ಕೆಂಬೇರಿ

ಮೀನು ತಿನ್ನದವನಿಗೆ ಮೀನು ಹಿಡಿಯುವ ಚಟ ಹತ್ತಿದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಜಯಸಿಂಹರ ಹೆಸರು ಹೇಳುತ್ತೇನೆ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಅವರು ನಮ್ಮ ಫೋರ್‌ಮನ್. ಯಲಹಂಕ ಹಳೇ ಊರಿನ ಅಯ್ಯಂಗಾರರು. ಅವರ ಅಡುಗೆಮನೆಗೆ ಬೆಳ್ಳುಳ್ಳಿಗೂ ಪ್ರವೇಶವಿರಲಿಲ್ಲ. ಅಂಥವರು ಭಾನುವಾರ ಬಂತೆಂದರೆ ಸ್ನಾನ ಮಾಡಿ, ನಾಮ ಇಟ್ಟುಕೊಂಡು, ಸೈಕಲ್ ಮೇಲೆ ಪುಟ್ಟೇನಹಳ್ಳಿ ಕೆರೆಗೆ ಹೋಗಿ ಏರಿಯ ಮೇಲೆ ಗಾಳ ಹಾಕಿ ಕೂರುತ್ತಿದ್ದರು. ಎರೆಹುಳ ಚುಚ್ಚುವುದು ಪಾಪವಂತೆ. ಹೆಂಡತಿ ವೇದವತಿಯವರು ಕಲಸಿ ಕೊಟ್ಟ ಗೋಧಿಹಿಟ್ಟಿಗೆ ಚಿಟಿಕೆ ಇಂಗು ಸೇರಿಸಿ ಉಂಡೆ ಮಾಡಿ ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಗೆಂಡೆಮೀನೋ ಜಿಲೇಬಿಮೀನೋ ಬಿದ್ದರೆ ಕೈ ಒದ್ದೆ ಮಾಡಿಕೊಂಡು ಬಾಯಿಂದ ಕೊಕ್ಕೆ ಬಿಡಿಸಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ನೀರಿಗೆ ಬಿಡುತ್ತಿದ್ದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಈ ಶೋಕಿ ನೋಡಿ ನನಗೆ ನಗು ಬರುತ್ತಿತ್ತು. ನಾನು ಗದಗಿನ ಕಡೆಯವನು, ಕೊರಳಲ್ಲಿ ಲಿಂಗ ಕಟ್ಟಿದವನು. ಮೀನೆಂದರೆ ಮೂಗು ಮುಚ್ಚಿಕೊಳ್ಳುವವನು. ಆದರೂ ಜಯಸಿಂಹರ ಪಕ್ಕ ಕೂತು ಕೆರೆ ನೋಡುವುದು ಒಂಟಿ ಕ್ವಾರ್ಟರ್ಸಿನಲ್ಲಿ ಗೋಡೆ ನೋಡುವುದಕ್ಕಿಂತ ವಾಸಿ ಎನಿಸಿ ಹೋಗುತ್ತಿದ್ದೆ. ಆರ್.ಟಿ. ನಗರದಿಂದ ಜಾಫರ್ ತನ್ನ ಸ್ಕೂಟರಿನಲ್ಲಿ ಬರುತ್ತಿದ್ದ. ಅವನೂ ಕಾರ್ಖಾನೆಯಲ್ಲಿ ನಮ್ಮ ಶಾಪಿನವನೇ. ಬಿಟ್ಟ ಪ್ರತಿ ಮೀನಿಗೂ ನಿಟ್ಟುಸಿರು ಬಿಡುವುದು ಅವನ ಕೆಲಸ.

"ಸಾರ್, ನೀವು ಸಮುದ್ರದಲ್ಲಿ ಹಿಡೀಬೇಕು" ಎಂದು ತಲೆಗೆ ಹುಳ ಬಿಟ್ಟವನೂ ಅವನೇ. ಅವನ ಭಾವ ಮಲ್ಪೆಯಲ್ಲಿ ಐಸ್ ವ್ಯಾಪಾರ ಮಾಡುತ್ತಿದ್ದ. ಒಬ್ಬ ದೋಣಿಯವನನ್ನು ಗೊತ್ತುಮಾಡಿ, ಇಡೀ ದಿನಕ್ಕೆ ದೋಣಿ ನಮ್ಮದೇ ಎಂದು ಮಾತಾಡಿಟ್ಟ. ದಡ ಕಾಣುವಷ್ಟು ದೂರದಲ್ಲೇ ಗಾಳ ಹಾಕುವುದು, ಸಂಜೆ ವಾಪಸ್ ಬರುವುದು. ನಮ್ಮ ಕಾರ್ಖಾನೆಗಳ ದೊಡ್ಡ ಮುಷ್ಕರ ಮುಗಿದ ಮರುವರ್ಷದ ಜನವರಿ ಅದು, ಎಂಬತ್ತೆರಡು. ಸಂಕ್ರಾಂತಿ ರಜೆಗೆ ಮೂವರೂ ಬಸ್ಸು ಹತ್ತಿದೆವು. ನಾನು ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ.

ನೋಡಿದಾಗ ಹೆದರಿದೆ. ಸುಳ್ಳು ಯಾಕೆ ಹೇಳಲಿ. ನಮ್ಮ ಕಡೆ ಹೊಲ ಕೂಡ ಅಷ್ಟೇ ವಿಶಾಲ, ಆದರೆ ಅದು ನಿಂತಲ್ಲಿ ನಿಂತಿರುತ್ತದೆ.

ದೋಣಿಯವನ ಹೆಸರು ದೂಮ ಕರ್ಕೇರ. ಬಾಯಿಬಡುಕ. ಮುಂಬಯಿ ನೋಡಿದ್ದೇನೆ, ದುಬೈ ನೋಡುವವನಿದ್ದೆ ಎಂದು ದಡ ಬಿಟ್ಟಾಗಿನಿಂದ ಕೊಚ್ಚಿಕೊಳ್ಳುತ್ತಲೇ ಇದ್ದ. ಒಂದು ಕಡೆ ಹುಟ್ಟು ನಿಲ್ಲಿಸಿ, ಸಿಗಡಿ ತುಂಡು ತುಂಬಿದ ಡಬ್ಬಿ ಮುಂದೆ ಚಾಚಿದ. ಜಾಫರ್ ತೆಗೆದುಕೊಂಡ. ಜಯಸಿಂಹರು ತಮ್ಮ ಕೈಚೀಲದಿಂದ ಇಂಗಿನ ಉಂಡೆ ತೆಗೆದರು.

"ಅದಕ್ಕೆ ಇಲ್ಲಿ ಯಾವ ಮೀನೂ ಬರ್ಲಿಕ್ಕಿಲ್ಲ ಮಾರಾಯ್ರೆ" ಎಂದು ದೂಮ ನಕ್ಕ.

ದಾರ ಕೆಳಗೆ ಇಳಿಯುವುದರೊಳಗೆ ಮೀನು ಕಚ್ಚಿತು. ಜಯಸಿಂಹರ ತೋಳು ನಡುಗುವಷ್ಟು ಜಗ್ಗಿತು. ಮೇಲೆ ಬಂದದ್ದು ಕೆಂಪು ಮೀನು. ಮದುವೆ ಸೀರೆಯ ಕೆಂಪು. ಒಂದು ಮೊಳ ಉದ್ದ. ಕೊಕ್ಕೆ ತುಟಿಯ ಎಡಗಡೆಯನ್ನು ಸೀಳಿತ್ತು. ಆದರೆ ಅದು ಒದ್ದಾಡಲಿಲ್ಲ. ಕೆರೆಯ ಮೀನುಗಳು ಪಟಪಟ ಹೊಡೆದುಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇದು ಜಯಸಿಂಹರ ಕೈಯಲ್ಲಿ ಸುಮ್ಮನೆ ಮಲಗಿ ಅವರ ಮುಖವನ್ನೇ ನೋಡುತ್ತಿತ್ತು.

"ಕೆಂಬೇರಿ" ಎಂದ ದೂಮ. ಅವನ ಬಾಯಲ್ಲಿ ನೀರೂರಿದ್ದು ನಮಗೂ ಗೊತ್ತಾಯಿತು. "ಮೊದಲನೆಯದೇ ಕೆಂಬೇರಿ. ನಿಮ್ಮ ಹೆಂಡ್ತಿಗೆ ಹಬ್ಬ."

ಜಯಸಿಂಹರು ಕೈ ಒದ್ದೆ ಮಾಡಿಕೊಂಡರು. ಕೊಕ್ಕೆ ಬಿಡಿಸಿದರು. ಮೀನನ್ನು ನೀರಿಗೆ ಬಿಟ್ಟರು.

ದೂಮನ ಮಾತು ನಿಂತಿತು. ಬೆಳಗಿನಿಂದ ಅವನು ಬಾಯಿ ಮುಚ್ಚಿದ್ದು ಅದೇ ಮೊದಲು. ಮೀನು ಮುಳುಗಿದ ಜಾಗಕ್ಕೆ ಬಗ್ಗಿ ನೋಡಿದ. ಆಮೇಲೆ, "ಯಾಕೆ ಬಿಟ್ಟಿರಿ?" ಎಂದು ಕೇಳಿದ.

"ನಾವು ತಿನ್ನೋದಿಲ್ಲಪ್ಪ. ಸುಮ್ನೆ ಹಿಡಿದು ಬಿಡೋದು."

"ನಮ್ಮ ಮನೆಯ ದೋಣಿಗೆ ಒಂದು ಕ್ರಮ ಉಂಟು" ಎಂದ ದೂಮ. "ದಿನದ ಮೊದಲ ಮೀನು ಹಿಡಿದವನ ಮನೆಯಲ್ಲಿ ಬೇಯಬೇಕು. ಹಿಡಿದವನ ಹೊಟ್ಟೆಗೆ ಹೋಗಬೇಕು."

"ಅಲ್ಲಪ್ಪಾ, ಮೊದ್ಲ ಹೇಳಬಾರದಾಗಿತ್ತೇನು?" ಎಂದೆ ನಾನು ಸಿಟ್ಟಿನಿಂದ.

"ಯಾರು ಮೀನು ಹಿಡಿದು ವಾಪಸ್ ಬಿಡ್ತಾರೆ ಮಾರಾಯ್ರೆ? ಹೇಳುವ ಪ್ರಮೇಯವೇ ಬರ್ಲಿಲ್ಲ."

ಅದೂ ನಿಜವೇ. ದೂಮ ಹುಟ್ಟು ಹಾಕತೊಡಗಿದ. ಇನ್ನು ಗಾಳ ಬೇಡ, ದಡಕ್ಕೆ ಹೋಗುವ ಎಂದ. ಇಡೀ ದಿನದ ದೋಣಿ ಎಂದು ಜಾಫರ್ ಗೊಣಗಿದ. ದೂಮ ಕೇಳಿಸಿಕೊಳ್ಳಲಿಲ್ಲ. ದಡದ ಮೇಲೆ ಸುಣ್ಣ ಬಳಿದ ಐಸ್ ಕಾರ್ಖಾನೆ ಕಾಣುತ್ತಿತ್ತು, ಅದರ ಬಾಗಿಲಲ್ಲಿ ನಿಂತ ಲಾರಿ ಕೂಡ ಕಾಣುತ್ತಿತ್ತು. ದೂಮ ಹುಟ್ಟು ಹಾಕಿದ, ಜಾಫರ್ ಇನ್ನೊಂದು ಹುಟ್ಟು ಹಿಡಿದ. ಬೆವರು ಸುರಿಯಿತು. ಲಾರಿ ಇದ್ದಷ್ಟೇ ಚಿಕ್ಕದಾಗಿತ್ತು. ಅಲೆ ಇರಲಿಲ್ಲ, ಗಾಳಿ ಇರಲಿಲ್ಲ. ಬಿಸಿಲು ನೆತ್ತಿಗೆ ಬಂದರೂ ದಡ ಒಂದು ಮಾರು ಕೂಡ ಹತ್ತಿರ ಬರಲಿಲ್ಲ. ನಾನು ಬಸವಣ್ಣನ ಹೆಸರು ಹೇಳುತ್ತಾ ಹಲಗೆ ಹಿಡಿದು ಕೂತೆ. ಜಯಸಿಂಹರು ಮಾತ್ರ ದೋಣಿಯ ಬದಿಗೆ ಬಗ್ಗಿ ನೀರು ನೋಡುತ್ತಿದ್ದರು.

"ಜೊತೇಲೇ ಬರ್ತಾ ಇದೆ ಕಣ್ರೀ" ಎಂದರು ಮೆಲ್ಲಗೆ.

ನಾನು ಬಗ್ಗಿ ನೋಡಿದೆ. ನೀರಿನ ಒಳಗೆ, ದೋಣಿಯ ನೆರಳಿನಲ್ಲಿ, ಆ ಕೆಂಪು ಇತ್ತು.

"ಮಾತಾಡಿಸ್ಬೇಡಿ ಅದನ್ನು" ಎಂದ ದೂಮ. "ನೋಡಿ, ನನ್ನ ಅಜ್ಜಿ ಹೇಳ್ತಿದ್ದದ್ದು ಹೇಳ್ತೇನೆ. ನಂಬಿದ್ರೆ ನಂಬಿ. ಅದು ಹುಡುಕಿಕೊಂಡು ಬರ್ತದೆ, ನೀವು ಎಲ್ಲಿದ್ರೂ. ಬಂದಾಗ ಬಿಡ್ಬೇಡಿ. ಮನೆಗೆ ತಕೊಂಡು ಹೋಗಿ ತಿನ್ನಿ. ಎರಡನೇ ಸಲ ಬಿಟ್ಟವ ಅದರ ಹಿಂದೆಯೇ ಹೋಗ್ತಾನೆ. ನನ್ನ ಚಿಕ್ಕಪ್ಪ ಚಿಕ್ಕ ಮೀನು ಅಂತ ಬಿಟ್ಟದ್ದು. ಅವ ಮುಂಬಯಿಯ ಹೋಟೆಲಲ್ಲಿದ್ದಾಗ ಅಲ್ಲಿ ನೀರಿನ ಟಾಂಕಿಯಲ್ಲಿ ಅದೇ ಮೀನು ಬಂದಿತ್ತಂತೆ. ಅಲ್ಲಿಂದ ತಕೊಂಡು ಹೋಗಿ ಪುನಃ ಕಡಲಿಗೆ ಬಿಟ್ಟ. ಆಮೇಲೆ ಅವ ಇಲ್ಲ."

ಅಷ್ಟು ಹೇಳಿದ ಮೇಲೆ ದೋಣಿ ಚಲಿಸಿತು. ದಡ ಮುಟ್ಟಿದೊಡನೆ ದೂಮ ನಮ್ಮ ಕಡೆ ತಿರುಗಿಯೂ ನೋಡದೆ ದೋಣಿ ತೊಳೆಯಲು ನಿಂತ. ಸಮುದ್ರದಲ್ಲೇ ಇದ್ದ ದೋಣಿಯನ್ನು ಯಾಕೆ ತೊಳೆಯಬೇಕು ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಅದೆಲ್ಲ ಬಿಸಿಲಿನ ಭ್ರಮೆ ಎಂದು ನಾನೂ ಜಾಫರನೂ ಒಪ್ಪಂದ ಮಾಡಿಕೊಂಡೆವು. ಶಿಫ್ಟು, ಕ್ಯಾಂಟೀನು, ಫ್ಯಾಕ್ಟರಿ ಬಸ್ಸು. ಮಲ್ಪೆಗೂ ಯಲಹಂಕಕ್ಕೂ ನಡುವೆ ಘಟ್ಟ ಇದೆ, ಯಾವ ಮೀನು ಹತ್ತುತ್ತದೆ? ಆದರೆ ಒಂದು ದಿನ ಜಯಸಿಂಹರ ಮನೆಗೆ ಊಟಕ್ಕೆ ಹೋದಾಗ ವೇದವತಿಯವರು ಸಾರು ಬಡಿಸುತ್ತಾ, "ಉಪ್ಪು ಜಾಸ್ತಿ ಆಗಿದ್ರೆ ಬೇಜಾರು ಮಾಡ್ಕೋಬೇಡಿ ಮಹಾಲಿಂಗಪ್ಪನವರೇ" ಎಂದರು. "ನಾನು ಉಪ್ಪೇ ಹಾಕಿಲ್ಲ."

ಹಿತ್ತಲಿನ ಬಾವಿಯ ನೀರಂತೆ. ವೇದವತಿಯವರು ಸೇದಿದರೆ ಸಿಹಿ. ಜಯಸಿಂಹರು ಸೇದಿದರೆ ಉಪ್ಪು. ನನಗೆ ನಂಬಿಕೆ ಬಾರದೆ ಹಿತ್ತಲಿಗೆ ಹೋದೆ. ಇಬ್ಬರೂ ಒಂದೊಂದು ಕೊಡ ಸೇದಿದರು. ಒಂದೇ ಹಗ್ಗ, ಒಂದೇ ಬಾವಿ. ಜಯಸಿಂಹರ ಕೊಡದ ನೀರು ಬಾಯಿಗೆ ಹಾಕಿ ಉಗುಳಿದೆ. ಅದರ ರುಚಿ ನನಗೆ ಗೊತ್ತಿತ್ತು. ದೋಣಿಯಲ್ಲಿ ತುಟಿಗೆ ಹಾರಿದ್ದ ನೀರು ಅದೇ.

ಮಲ್ಪೆಯಲ್ಲಿ ನಡೆದದ್ದನ್ನು ಜಯಸಿಂಹರು ಹೆಂಡತಿಗೆ ಹೇಳಿರಲಿಲ್ಲ. ನನಗೂ ಬೇಡವೆಂದು ಕಣ್ಣಿನಲ್ಲೇ ಸನ್ನೆ ಮಾಡಿದರು. ಬೀದಿಯ ತನಕ ಕಳಿಸಲು ಬಂದಾಗ, "ಭಾನುವಾರ ಕೆರೆಗೆ ಹೋಗ್ತೀನಿ" ಎಂದರು.

"ಬ್ಯಾಡ್ರಿ ಸಾಹೇಬ್ರ. ಆ ಗಾಳ ಮುರದು ಒಲಿಗೆ ಹಾಕ್ರಿ."

"ಅಷ್ಟು ದೂರದಿಂದ ಅದು ಬಂದು ಕಾಯ್ತಾ ಇದ್ರೆ ನಾನು ಹೋಗದೆ ಇರೋದು ಹೇಗ್ರೀ?" ಎಂದರು. ನೆಂಟರ ವಿಷಯ ಮಾತಾಡುವ ಹಾಗೆ ಇತ್ತು ಆ ದನಿ.

ಭಾನುವಾರ ಜಾಫರನನ್ನೂ ಕರೆದುಕೊಂಡು ಹೋದೆ. ಕೆರೆಯಲ್ಲಿ ನೀರು ಇಳಿದಿತ್ತು, ಎಮ್ಮೆಗಳು ಕಲಕಿ ಚಹದ ಬಣ್ಣವಾಗಿತ್ತು. ಜಯಸಿಂಹರು ಇಂಗಿನ ಉಂಡೆ ಹಾಕಿ ಕೂತರು. ಗಾಳದ ಬೆಂಡು ಅಲುಗಾಡಲೇ ಇಲ್ಲ, ಸೀದಾ ಒಳಗೆ ಹೋಯಿತು. ಎಳೆದರು. ಆ ಕೆಸರು ನೀರಿನಿಂದ ಮದುವೆ ಸೀರೆಯ ಕೆಂಪು ಮೇಲೆ ಬಂತು. ಎಡತುಟಿ ಸೀಳಿತ್ತು. ಗಾಯ ಹಸಿಯಾಗಿಯೇ ಇತ್ತು. ಅದು ಈ ಸಲವೂ ಒದ್ದಾಡಲಿಲ್ಲ, ಅವರ ಮುಖ ನೋಡುತ್ತಾ ಮಲಗಿತು.

ಜಯಸಿಂಹರು ಅಭ್ಯಾಸಬಲದಿಂದ ಕೈ ಒದ್ದೆ ಮಾಡಿಕೊಳ್ಳಲು ಬಗ್ಗಿದರು. ನಾನು ಅವರ ರಟ್ಟೆ ಹಿಡಿದೆ. ಜಾಫರ್ ತಾನು ತಂದಿದ್ದ ಬಕೆಟ್ಟಿನಲ್ಲಿ ನೀರು ತುಂಬಿ ಮೀನನ್ನು ಅದಕ್ಕೆ ಹಾಕಿಸಿದ.

"ಸಾರ್, ನಾನು ಕೊಯ್ದು ಕೊಡ್ತೀನಿ" ಎಂದ ಜಾಫರ್. "ನನ್ನ ಹೆಂಡತಿ ಕನೀಜ್ ಮಸಾಲೆ ಹೇಳಿಕೊಡ್ತಾಳೆ. ನೀವು ಕಣ್ಣು ಮುಚ್ಕೊಂಡು ಒಂದು ತುತ್ತು ನುಂಗಿಬಿಡಿ. ಔಷಧಿ ಅನ್ಕೊಳ್ಳಿ."

"ನಮ್ಮಪ್ಪ ಹಾಸಿಗೆ ಹಿಡಿದಾಗ ಡಾಕ್ಟ್ರು ಮೊಟ್ಟೆ ಕೊಡಿ, ಬದುಕ್ತಾರೆ ಅಂದ್ರು" ಎಂದರು ಜಯಸಿಂಹ. "ಅವರು ಬಾಯಿ ಬಿಡಲಿಲ್ಲ ಜಾಫರ್. ನಾನೂ ಬಲವಂತ ಮಾಡ್ಲಿಲ್ಲ. ಈಗ ನನ್ನ ಜೀವಕ್ಕೆ ಅಂತ ನಾನು ಬಾಯಿ ಬಿಟ್ರೆ, ಅವರು ಸತ್ತಿದ್ದಕ್ಕೆ ಏನು ಅರ್ಥ?"

ನನಗೆ ಸಿಟ್ಟು ಬಂತು. ಜಾತಿ ನನಗೂ ಇದೆ, ಕಟ್ಟಳೆ ನನಗೂ ಇದೆ. ಆದರೆ ಮುಳುಗುವ ಮನುಷ್ಯನ ಕೈಗೆ ಹಗ್ಗ ಕೊಟ್ಟರೆ ಅದು ಯಾರು ಹೊಸೆದ ಹಗ್ಗ ಎಂದು ಕೇಳುವುದು ಎಂಥ ಧರ್ಮ? ಬಕೆಟ್ಟನ್ನು ಸೈಕಲ್ಲಿಗೆ ತೂಗುಹಾಕಿ ಅವರನ್ನು ಮನೆಗೆ ತಳ್ಳಿಕೊಂಡೇ ಬಂದೆ. ವೇದವತಿಯವರು ಬೈದು ಬಾಗಿಲು ಹಾಕುತ್ತಾರೆ, ಆಗ ಕೆರೆಗೆ ಹೋಗಿ ಬಿಟ್ಟುಬರಬಹುದು ಎಂದು ಜಯಸಿಂಹರು ನೆನೆಸಿದ್ದರೋ ಏನೋ, ಸುಮ್ಮನೆ ಬಂದರು.

ಹಿತ್ತಲಿನ ಕಲ್ಲುಬಾನಿಗೆ ಮೀನು ಹಾಕಿಸಿ, ನಾನು ವೇದವತಿಯವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಮಡಿ ಸೀರೆಯಲ್ಲಿ ನಿಂತು ಕೇಳಿದರು. ಮುಗಿದ ಮೇಲೆ, "ಮಾವನವರಿಗೆ ಹಾಲಲ್ಲಿ ಮೊಟ್ಟೆ ಕಲಸಿ ಕೊಡೋಣ, ಗೊತ್ತಾಗಲ್ಲ ಅಂತ ನಾನಂದಿದ್ದೆ" ಎಂದರು. "ಇವರು ಬಿಡ್ಲಿಲ್ಲ. ಈಗ ಇವರ ಮಾತು ಕೇಳೋಕೆ ನನಗೇನು ಹುಚ್ಚೇ? ಜಾಫರ್ ಅವರೇ, ನಿಮ್ಮ ಮನೆಯವರನ್ನ ಕರ್ಕೊಂಡ್ ಬನ್ನಿ."

ಆಮೇಲೆ ನಾನು ಕಂಡದ್ದನ್ನು ಸಾಯುವವರೆಗೆ ಮರೆಯುವುದಿಲ್ಲ. ಹಿತ್ತಲಲ್ಲಿ ಮೂರು ಇಟ್ಟಿಗೆ ಜೋಡಿಸಿ ಒಲೆ ಹಚ್ಚಿದರು. ಕನೀಜ್ ಬಾಗಿಲ ಬಳಿ ಕೂತು ಹೇಳಿಕೊಟ್ಟರು, ಒರಳಿಗೆ ತಾನು ಕೈ ಹಾಕುತ್ತೇನೆ ಎಂದರು. "ನನ್ನ ಗಂಡನಿಗೆ ನಾನೇ ಅರೀತೀನಿ" ಎಂದು ವೇದವತಿಯವರು ಕೂತರು. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಹುಣಸೆ, ತೆಂಗು. ಕೊನೆಗೆ ಬೆಳ್ಳುಳ್ಳಿ. ಅದನ್ನು ಅವರು ಒಂದೊಂದೇ ಎಸಳಾಗಿ ಸುಲಿದು ಒರಳಿಗೆ ಹಾಕಿದರು. ವಾಸನೆಗೆ ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಅವರು ಅತ್ತ ತಲೆಯೆತ್ತಿಯೂ ನೋಡಲಿಲ್ಲ. ಜಯಸಿಂಹರು ಕಲ್ಲುಬಾನಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹೆಂಡತಿಯನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಉಳಿದುಕೊಂಡರು ಎಂದು ನನಗೆ ನೆಮ್ಮದಿಯಾಯಿತು.

ಜಾಫರ್ ಕತ್ತಿ ಮಸೆಯಲು ಕಲ್ಲು ಬೇಕೆಂದ. ನಾವಿಬ್ಬರೂ ಜಗಲಿಗೆ ಹೋಗಿ ಹುಡುಕಿದೆವು. ಬರುವಷ್ಟರಲ್ಲಿ ಹಿತ್ತಲ ಬಾಗಿಲು ತೆರೆದಿತ್ತು. ಬಾನಿ ಖಾಲಿ, ಬಕೆಟ್ಟಿಲ್ಲ, ಸೈಕಲ್ಲಿಲ್ಲ. ಕನೀಜ್ ಬಗ್ಗಿ ಒಲೆ ಊದುತ್ತಿದ್ದರು, ಬಾನಿಗೆ ಬೆನ್ನು ಮಾಡಿ ಕೂತಿದ್ದ ವೇದವತಿಯವರು ಇನ್ನೂ ಅರೆಯುತ್ತಲೇ ಇದ್ದರು.

ಸ್ಕೂಟರಿನಲ್ಲಿ ನಾನೂ ಜಾಫರನೂ ಕೆರೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಏರಿಯ ಮೇಲೆ ಸೈಕಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದರು. ಚಪ್ಪಲಿ ಜೋಡಿಸಿಟ್ಟಿದ್ದರು. ಬಕೆಟ್ ಖಾಲಿಯಾಗಿತ್ತು. ಕೆಸರಿನಲ್ಲಿ ಹೆಜ್ಜೆಗುರುತುಗಳು ನೀರಿನ ಕಡೆ ಹೋಗಿದ್ದವು, ಅವಸರದ ಹೆಜ್ಜೆಗಳಲ್ಲ. ಒಂದೊಂದು ಹೆಜ್ಜೆಯ ಗುಳಿಯಲ್ಲೂ ಬಿಳಿ ಉಪ್ಪು ಕಟ್ಟಿತ್ತು. ಜಾಫರ್ ಬೆರಳಿಂದ ಮುಟ್ಟಿ ನಾಲಿಗೆಗೆ ಇಟ್ಟು ಉಗುಳಿದ.

ಪೊಲೀಸರು ಬಂದರು, ಬಲೆ ಹಾಕಿದರು. ಆ ಬೇಸಿಗೆಯಲ್ಲಿ ಕೆರೆಯ ನಟ್ಟನಡುವೆಯೂ ಎದೆಯುದ್ದ ನೀರಿರಲಿಲ್ಲ. ಊರಿನವರು ಸಾಲಾಗಿ ಕೈ ಹಿಡಿದು ನಡೆದು ಹುಡುಕಿದರು. ಗೆಂಡೆ ಸಿಕ್ಕಿತು, ಹಳೇ ಕೊಡ ಸಿಕ್ಕಿತು, ಜಯಸಿಂಹರು ಸಿಗಲಿಲ್ಲ. ಸಿಗುವುದಿಲ್ಲ ಎಂದು ನನಗೂ ಜಾಫರನಿಗೂ ಗೊತ್ತಿತ್ತು, ಯಾರಿಗೆ ಹೇಳುವುದು? ಸಾಲ ಇತ್ತೇ, ಮನೆಯಲ್ಲಿ ಜಗಳವೇ ಎಂದು ಇನ್‌ಸ್ಪೆಕ್ಟರು ಕೇಳಿದರು. ಇಲ್ಲ ಎಂದೆವು.

ಕುಂಕುಮ ಅಳಿಸುವುದಿಲ್ಲ ಎಂದು ವೇದವತಿಯವರು ನೆಂಟರ ಮುಂದೆ ಹಟ ಹಿಡಿದರು. ಹೆಣ ತೋರಿಸಿ, ಆಮೇಲೆ ಮಾತಾಡಿ ಎಂದರು. ಮನೆಗೆ ಬೆಳ್ಳುಳ್ಳಿ ತಂದವಳು ಎಂದು ಬೀದಿಯವರು ಅವರ ಕೈಯ ಅರಿಶಿನ ಕುಂಕುಮಕ್ಕೂ ಬರುವುದನ್ನು ಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಲಿಲ್ಲ. ಮಳೆಗಾಲ ಬಂದು ಕೆರೆ ತುಂಬಿದಾಗ ಒಂದು ಭಾನುವಾರ ಗಂಡನ ಗಾಳ ಹಿಡಿದು ಏರಿಯ ಮೇಲೆ ಬಂದು ಕೂತರು.

ಜನ ನಕ್ಕರು, ಆಮೇಲೆ ಹುಚ್ಚು ಹಿಡಿಯಿತು ಎಂದು ಮರುಗಿದರು. ನನಗೆ ಮಾತ್ರ ಅರ್ಥವಾಯಿತು ಎಂದುಕೊಂಡೆ. ಕೆಂಬೇರಿ ಬಂದರೆ ಹಿಡಿದು, ಗಂಡ ತಿನ್ನದ್ದನ್ನು ತಾನು ತಿಂದು, ಅವರನ್ನು ವಾಪಸ್ ಕೇಳುವ ಯೋಚನೆ ಇವರದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರಲ್ಲ, ಆ ಮೀನು ಇಲ್ಲಿಯ ದಾರಿ ಕಂಡಿದೆ, ಬಂದೇ ಬರುತ್ತದೆ. ಪ್ರತಿ ಭಾನುವಾರ ಬಕೆಟ್ ಹಿಡಿದು ನಾನೂ ಪಕ್ಕದಲ್ಲಿ ಕೂತೆ. ಕತ್ತಿ ಹಿಡಿದು ಬರಲು ಜಾಫರನಿಗೆ ಹೇಳಿಟ್ಟಿದ್ದೆ. ಜಿಲೇಬಿ, ಗೆಂಡೆ ಬಿದ್ದರೆ ವೇದವತಿಯವರು ಗಂಡನ ಹಾಗೆಯೇ ಕೈ ಒದ್ದೆ ಮಾಡಿಕೊಂಡು ಬಿಡುತ್ತಿದ್ದರು. ಇದು ಅಲ್ಲವಲ್ಲ, ಬಿಡಲಿ ಎಂದುಕೊಳ್ಳುತ್ತಿದ್ದೆ.

ಗೌರಿಹಬ್ಬದ ಮುಂಚಿನ ಭಾನುವಾರ ಬೆಂಡು ಸೀದಾ ಒಳಗೆ ಹೋಯಿತು.

ಎಳೆದುಕೊಳ್ಳಲು ಅವರು ನನ್ನ ಸಹಾಯ ಕೇಳಲಿಲ್ಲ. ಕೆಂಪು ಮೇಲೆ ಬಂತು. ಎಡತುಟಿ ಸೀಳಿತ್ತು. ವೇದವತಿಯವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅದು ಅವರನ್ನು ನೋಡಿತು. ನಾನು ಬಕೆಟ್ ಮುಂದೆ ತಳ್ಳಿದೆ.

"ಹಾಕ್ರಿ ಅಕ್ಕಾರ. ಜಾಫರನ್ನ ಕರಕೊಂಡ ಬರ್ತೀನಿ. ಈ ಸಲ ತಪ್ಪಿಸಿಕೊಳ್ಳಾಕ ಬಿಡೂದು ಬ್ಯಾಡ."

ಅವರು ಬಕೆಟ್ಟಿನ ನೀರಿನಲ್ಲಿ ಕೈ ಒದ್ದೆ ಮಾಡಿಕೊಂಡರು. ಕೊಕ್ಕೆ ಬಿಡಿಸಿದರು. ನಾನು ಹಿಡಿಯುವುದರೊಳಗೆ ಮೀನು ಕೆರೆಯೊಳಗಿತ್ತು.

"ಏನ್ ಮಾಡಿದ್ರಿ ಅಕ್ಕಾರ" ಎಂದೆ.

"ನಾನು ಬಿಟ್ಟಿದ್ದು ಇದು ಮೊದಲನೇ ಸಲ ಅಲ್ವಾ?" ಎಂದರು ವೇದವತಿಯವರು. "ಇನ್ನೊಂದು ಸಲ ಬರುತ್ತೆ."

ಆಗ ನನಗೆ ತಿಳಿಯಿತು. ಇಷ್ಟು ವಾರ ನಾನು ಬಕೆಟ್ ಹಿಡಿದು ಕೂತದ್ದು ಅವರನ್ನು ಉಳಿಸುವುದಕ್ಕಲ್ಲ. ನನಗೆ ಅಳು ಬಂತು. ಬಿಡ್ರಿ, ನನ್ನ ಅಕ್ಕ ಇದ್ದಂಗ ಇದ್ದೀರಿ, ಗದಗಿಗೆ ಬರ್ರಿ, ನನ್ನ ತಾಯಿ ನೋಡಿಕೊಳ್ಳುತ್ತಾಳೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಗಾಳ ಕಿತ್ತುಕೊಳ್ಳಲು ಹೋದೆ. ಅವರು ಬಿಗಿಯಾಗಿ ಹಿಡಿದಿದ್ದರು.

"ನಾನು ಸಾಯೋಕೆ ಹೋಗ್ತಾ ಇಲ್ಲ" ಎಂದರು. "ಕೇಳೋಕೆ ಹೋಗ್ತೀನಿ. ಆ ಬೆಳ್ಳುಳ್ಳಿ ಅರೆದು ಕೈ ಎಷ್ಟು ಉರೀತು ಗೊತ್ತಾ? ಹುಟ್ಟಿದಾಗಿನಿಂದ ಮುಟ್ಟದೇ ಇದ್ದದ್ದನ್ನ ಅವರಿಗೋಸ್ಕರ ಮುಟ್ಟಿದೆ. ನನ್ನ ಬೆನ್ನ ಹಿಂದೆ ಎದ್ದು ಹೋದ್ರು. ಒಂದು ಮಾತು ಹೇಳಲಿಲ್ಲ. ಬಿಟ್ಟು ಹೋಗೋದು ತಮಗೊಬ್ಬರಿಗೇ ಗೊತ್ತು ಅನ್ಕೊಂಡಿದ್ದಾರೆ."

ಸೆರಗಿನಿಂದ ಮನೆಯ ಬೀಗದ ಕೈ ಬಿಚ್ಚಿ ನನ್ನ ಮುಂದೆ ಇಟ್ಟರು. ಹಿಟ್ಟಿನ ಉಂಡೆ ಕೊಕ್ಕೆಗೆ ಸಿಕ್ಕಿಸಿ, ಗಾಳವನ್ನು ಮತ್ತೆ ನೀರಿಗೆ ಎಸೆದು, ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತರು. ಬಿಸಿಲು ಇನ್ನೂ ಚೆನ್ನಾಗಿತ್ತು. ಬೆಂಡು ಅಲುಗಾಡದೆ ನಿಂತಿತ್ತು, ಅದರ ಸುತ್ತ ನೀರು ಕೆಂಪಾಗುತ್ತಿತ್ತು.